ನಾತದ ಮನೆ ಮಾರಿದ ಬಗೆ

ತಿಪಟೂರಿನ ನಮ್ಮ ಮನೆಯನ್ನು ಮಾರುವುದೆಂದು ತೀರ್ಮಾನವಾದ ದಿನ ನಾನು ಮೊದಲು ಮಾಡಿದ ಕೆಲಸವೆಂದರೆ ಮಾವ ಮಲಗುತ್ತಿದ್ದ ಕೋಣೆಯ ಗೋಡೆಯನ್ನು ಮೂಸಿ ನೋಡಿದ್ದು. ಬಾಗಿಲು ಮುಂದಕ್ಕೆ ಹಾಕಿಕೊಂಡು, ಅವರ ಮಂಚದ ಪಕ್ಕ ಮಂಡಿಯೂರಿ, ಗೋಡೆಗೆ ಮೂಗು ತಾಗಿಸಿ ಉಸಿರೆಳೆದುಕೊಂಡೆ. ಸುಣ್ಣದ ವಾಸನೆ, ಸ್ವಲ್ಪ ಧೂಳು, ಅಷ್ಟೇ. ನಂಬಿಕೆಯಾಗದೆ ಮಗಳನ್ನೂ ಕರೆದು ಮೂಸು ಅಂದೆ. "ಅಮ್ಮಾ, ನಿಂಗೆ ತಲೆ ಕೆಟ್ಟೈತೆ" ಎಂದು ಅವಳು ಬ್ಯಾಗು ಹೆಗಲಿಗೇರಿಸಿ ಕಾಲೇಜಿಗೆ ಹೋದಳು.

ಕೆಟ್ಟಿದ್ದರೆ ಅದನ್ನು ಕೆಡಿಸಿದವರು ಪಕ್ಕದ ಮನೆಯ ದೊಡ್ಡಮ್ಮ. ನೆಂಟಸ್ತಿಕೆಯಿಂದ ದೊಡ್ಡಮ್ಮನಲ್ಲ. ಬೀದಿಯವರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆಯುತ್ತಿದ್ದೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ನಮ್ಮ ಬಟ್ಟೆ ಒಗೆಯುವ ಕಲ್ಲು ಆ ಗೋಡೆಗೆ ಒತ್ತಿಕೊಂಡಿತ್ತು.

ನನ್ನ ಮಾವ ಕೊಬ್ಬರಿ ಮಂಡಿಯಲ್ಲಿ ಜೀವಮಾನವೆಲ್ಲ ತೂಕ ಮಾಡಿದವರು. ಒಂದು ಬೆಳಿಗ್ಗೆ ಲಕ್ವಾ ಹೊಡೆದು ಬಲಗಡೆಯೆಲ್ಲ ಬಿದ್ದುಹೋಯಿತು, ಮಾತೂ ನಿಂತಿತು. ಮೂರು ವರ್ಷ ಮಲಗಿದ್ದಲ್ಲೇ ಇದ್ದರು. ಅತ್ತೆ ಮೊದಲೇ ತೀರಿಕೊಂಡಿದ್ದರು. ಗಂಡ ಕೆಲಸಕ್ಕೆ ಹೋಗುತ್ತಿದ್ದರು, ಮಗಳು ಇನ್ನೂ ಹೈಸ್ಕೂಲಿನಲ್ಲಿದ್ದಳು. ಹಾಗಾಗಿ ಅವರ ಮೈ ಒರೆಸುವುದು, ಮಗ್ಗುಲು ಹೊರಳಿಸುವುದು, ಹಾಸಿಗೆ ಬಟ್ಟೆ ಒಗೆಯುವುದು ಎಲ್ಲ ನನ್ನ ಪಾಲಿಗೆ. ಹಳೆಯ ಕಾಟನ್ ಸೀರೆಗಳನ್ನು ಹರಿದು ಮಡಿಸಿ ಅವರ ಅಡಿಗೆ ಹಾಸುತ್ತಿದ್ದೆ. ದಿನಾ ಬೆಳಿಗ್ಗೆ ಅವನ್ನೆಲ್ಲ ಆ ಕಲ್ಲಿನ ಮೇಲೆ ಬಡಿದು, ಬಿಸಿನೀರಿನಲ್ಲಿ ಅದ್ದಿ, ಗೋಡೆಯುದ್ದಕ್ಕೂ ಹರಡುತ್ತಿದ್ದೆ.

ದೊಡ್ಡಮ್ಮ ಗೋಡೆಯಾಚೆ ನಿಂತು ಸೆರಗಿನಲ್ಲಿ ಮೂಗು ಮುಚ್ಚಿಕೊಳ್ಳುತ್ತಿದ್ದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. "ಆ ಮನೆ ನಾತ ನಮ್ ಅಡಿಗೆಮನೆಗಂಟ ಬತ್ತೈತೆ ಕಣವ್ವ" ಎಂದು ನಲ್ಲಿ ಹತ್ತಿರ ಹೇಳಿದರು, ಹಾಲಿನ ಡೈರಿಯಲ್ಲಿ ಹೇಳಿದರು. ಕೆಲವೇ ತಿಂಗಳಲ್ಲಿ ನಮ್ಮದು ನಾತದ ಮನೆ ಎಂದೇ ಹೆಸರಾಯಿತು. ಒಮ್ಮೆ ಹೂ ಮಾರುವವಳಿಗೆ ಬೀದಿಯ ತುದಿಯಲ್ಲಿ ನಮ್ಮ ಮನೆಯ ಗುರುತು ಹೇಳುತ್ತಿದ್ದೆ. "ಓ, ನಾತದ ಮನೆ ಪಕ್ಕನಾ?" ಅಂದಳು. ಪಾಪ, ಅದು ನಮ್ಮದೇ ಎಂದು ಅವಳಿಗೆ ಗೊತ್ತಿರಲಿಲ್ಲ.

ಆ ಮನೆಯಿಂದ ನಮ್ಮ ಕಡೆಗೆ ಬರುತ್ತಿದ್ದವಳು ಒಬ್ಬಳೇ, ದೊಡ್ಡಮ್ಮನ ಹಿರಿಯ ಸೊಸೆ. ಚಿಕ್ಕನಾಯಕನಹಳ್ಳಿ ಕಡೆಯ ಹುಡುಗಿ, ಆಗಿನ್ನೂ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಒಂದು ದಿನ ಮಾವನನ್ನು ಮಗ್ಗುಲಿಗೆ ಹೊರಳಿಸಲಾಗದೆ ನಾನು ಅಳುತ್ತಿದ್ದುದು ಅವಳಿಗೆ ಕೇಳಿಸಿತಂತೆ. ಹಿತ್ತಿಲ ಕಡೆಯಿಂದ ಬಂದವಳು ಏನೂ ಕೇಳದೆ ಅವರ ಹೆಗಲು ಹಿಡಿದಳು. ಆಮೇಲೆ ದಿನಾ ಬಂದಳು. ಅವರ ಉಗುರು ಕತ್ತರಿಸುತ್ತಿದ್ದಳು, ಬಾಯಿಗೆ ಬಂದ ಕಥೆ ಹೇಳುತ್ತಿದ್ದಳು. ಮಾತು ಹೋಗಿದ್ದ ಮಾವ ಅವಳನ್ನು ಕಂಡರೆ ಅರ್ಧ ಬಾಯಲ್ಲೇ ನಗುತ್ತಿದ್ದರು.

ದೊಡ್ಡಮ್ಮನಿಗೆ ಅದು ತಿಳಿದಾಗ ಬೀದಿಗೆಲ್ಲ ಕೇಳುವಂತೆ ಕೂಗಾಡಿದರು. "ಆ ಹೇಲು ಉಚ್ಚೆ ಬಾಚಿ ಬಂದು ನನ್ ಒಲೆ ಮುಟ್ಬ್ಯಾಡ ಕಣೇ!" ಮೊದಲು ಅವಳಿಗೆ ಬೇರೆ ಒಲೆ ಹಾಕಿಸಿದರು. ಅಟ್ಟದ ಕಾಯಿ ಕದ್ದು ನಮ್ಮ ಮನೆಗೆ ಕೊಡುತ್ತಾಳೆಂದು ಆಮೇಲೆ ಸುದ್ದಿ ಎಬ್ಬಿಸಿದರು. ಕೊನೆಗೆ ಹಿರಿಯ ಮಗನನ್ನೂ ಅವಳನ್ನೂ ಎರಡು ಸೂಟ್‌ಕೇಸಿನೊಂದಿಗೆ ಹೊರಗೆ ನಿಲ್ಲಿಸಿದರು. ಆ ಹುಡುಗಿ ಆಟೋ ಹತ್ತುವ ಮೊದಲು ನಮ್ಮ ಮನೆಗೆ ಬಂದು ಮಾವನ ಕಾಲು ಮುಟ್ಟಿ ಹೋದಳು.

ಮಾವ ತೀರಿಕೊಂಡರು. ತಿಥಿಯ ದಿನ ಬೀದಿಯವರನ್ನೆಲ್ಲ ಊಟಕ್ಕೆ ಕರೆದಿದ್ದೆವು. ಮೊದಲ ಪಂಕ್ತಿ ಕೂರುವ ಹೊತ್ತಿಗೆ ದೊಡ್ಡಮ್ಮ ಬಂದು ಗೇಟಿನಲ್ಲೇ ನಿಂತರು. ಒಳಗೆ ಬನ್ನಿ ಎಂದು ನಾನೇ ಹೋಗಿ ಕರೆದೆ. "ಬ್ಯಾಡ ಕಣವ್ವ, ಇಲ್ಲಿ ನಂಗೆ ನೀರೂ ಇಳಿಯಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೊರಟರು. ಎಲೆ ಮುಂದೆ ಕೂತಿದ್ದ ಕೆಲವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲನೆ ಎದ್ದರು. ಮಿಕ್ಕ ಅನ್ನ ಹಸುಗಳ ಕಲಗಚ್ಚಿಗೆ ಹೋಯಿತು. ನನ್ನ ಗಂಡ "ಬುಡು, ಹೋದ್ರೆ ಹೋಗ್ಲಿ" ಅಂದರು. ಅವರು ಬಿಟ್ಟರು. ನಾನು ಬಿಡಲಿಲ್ಲ. ಆ ದಿನ ಎತ್ತಿಟ್ಟುಕೊಂಡಿದ್ದನ್ನು ಯಾವ ಹಬ್ಬದಲ್ಲೂ, ಯಾವ ದೇವರ ಮುಂದೆಯೂ ಕೆಳಗಿಡಲಿಲ್ಲ.

ಮನೆ ಮಾರುವ ಮಾತು ಬಂದದ್ದು ಅದಾದ ಎಷ್ಟೋ ವರ್ಷಕ್ಕೆ. ಗಂಡನಿಗೆ ತುರುವೇಕೆರೆ ಹತ್ತಿರದ ಕಾಯಿಪುಡಿ ಕಾರ್ಖಾನೆಯಲ್ಲಿ ಪಾಳಿಯ ಉಸ್ತುವಾರಿ ಸಿಕ್ಕಿತು. ದಿನಾ ಬಸ್ಸಿನಲ್ಲಿ ಓಡಾಡಿ ಬೆನ್ನುನೋವು ಹತ್ತಿಸಿಕೊಂಡಿದ್ದರು. ಮಗಳ ಡಿಗ್ರಿಯೂ ಮುಗಿಯುವುದರಲ್ಲಿತ್ತು. ಅಲ್ಲೇ ಒಂದು ಮನೆ ನೋಡಿದೆವು. ಇದನ್ನು ಮಾರಿದರೆ ಅದು.

ಬ್ರೋಕರ್ ಮನೆಯನ್ನೆಲ್ಲ ಸುತ್ತಿ ನೋಡಿ ನನಗೊಂದು ಪಾಠ ಹೇಳಿದ. "ಅಕ್ಕಾ, ಜನ ಗೋಡೆ ನೋಡಲ್ಲ, ಸಿಂಕ್ ನೋಡ್ತಾರೆ, ಬಾತ್‌ರೂಮ್ ನೋಡ್ತಾರೆ. ಇಲ್ಲಿ ಯಾರೋ ಚೆನ್ನಾಗಿ ಬಾಳಾಟ ಮಾಡ್ತಾವ್ರೆ ಅನ್ನಿಸ್ಬೇಕು. ಆದ್ರೆ ಒಬ್ರೂ ವಾಸ ಇರೋ ಗುರುತು ಕಾಣ್ಬಾರ್ದು."

ಹಾಗೆ ಬದುಕುವುದು ಹೇಗೆಂದು ಅವನು ಹೇಳಲಿಲ್ಲ. ನಾವೇ ಕಲಿತೆವು. ಅಟ್ಟದ ಮೇಲೆ ಕೊಬ್ಬರಿಗೆಂದು ಒಣಗಲು ಬಿಟ್ಟಿದ್ದ ಕಾಯಿಯನ್ನೆಲ್ಲ ತಮ್ಮನ ಮನೆಗೆ ಸಾಗಿಸಿ, ಇಲಿ ಹಿಕ್ಕೆ ಗುಡಿಸಿ, ತೊಲೆತೊಲೆಯನ್ನೂ ಒದ್ದೆಬಟ್ಟೆಯಲ್ಲಿ ಒರೆಸಿದೆ. ಮಾವನ ಮಂಚವನ್ನು ದಂಡಿನಶಿವರದ ನೆಂಟರಿಗೆ ಕೊಟ್ಟೆ. ಅವರ ಕೋಣೆಗೆ ಸುಣ್ಣ ಹೊಡೆಸಿದೆ, ಒಣಗಿದ ಮೇಲೆ ಮತ್ತೆ ಹೊಡೆಸಿದೆ. ಸ್ವಿಚ್ಚುಗಳ ಸುತ್ತ ಬೆರಳಿನ ಕಪ್ಪನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದೆ. ಗಂಡ ಕಾರ್ಖಾನೆಯಿಂದ ಬಂದರೆ ಮೈಯೆಲ್ಲ ಬಿಳಿ ಪುಡಿ, ಹತ್ತಿರ ಹೋದರೆ ಕಾಯಿಹಾಲಿನ ವಾಸನೆ. ಹಿತ್ತಿಲಲ್ಲೇ ಬಟ್ಟೆ ಬಿಚ್ಚಿ, ನೀರು ಹುಯ್ದುಕೊಂಡು ಒಳಗೆ ಬರಬೇಕೆಂದು ಕಾನೂನು ಮಾಡಿದೆ. ಬಾಚಣಿಗೆಯಲ್ಲಿ ಕೂದಲು ಸಿಕ್ಕರೆ ಮಗಳಿಗೆ ಬೈಗುಳ. ಮನೆ ನೋಡಲು ಬರುವ ದಿನ ಒಗ್ಗರಣೆ ಇಲ್ಲ, ಬಸ್ಸಾರಿಲ್ಲ. ಹಿಂದಿನ ದಿನದ ಚಿತ್ರಾನ್ನವನ್ನು ಹಿತ್ತಿಲ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದೆವು.

ಬ್ರೋಕರ್ ಯಾವತ್ತೂ ಮುಂಚೆ ಹೇಳುವವನಲ್ಲ. "ಅಕ್ಕಾ, ಇನ್ನೇನು ಬಂದ್ವಿ" ಎಂದು ಫೋನು ಮಾಡುವಾಗ ಹಿಂದಿನಿಂದ ನಮ್ಮ ಬೀದಿಯ ನಾಯಿಗಳು ಬೊಗಳುವುದೇ ಕೇಳಿಸುತ್ತಿತ್ತು. ಆಗ ಮುಸುರೆ ಪಾತ್ರೆಗಳನ್ನೆಲ್ಲ ಬಕೆಟ್ಟಿಗೆ ತುಂಬಿ, ಮೇಲೆ ಟವೆಲ್ ಹೊದಿಸಿ, ಮಗಳು ಸ್ಕೂಟರಿನ ಮುಂದೆ ಇಟ್ಟುಕೊಂಡು ಬೀದಿ ಸುತ್ತಲು ಹೋಗುತ್ತಿದ್ದಳು. ಒದ್ದೆ ಬಟ್ಟೆ ವಾಷಿಂಗ್ ಮೆಷಿನ್ನಿನೊಳಕ್ಕೆ. ಚಪ್ಪಲಿಗಳು ಗೋಣಿಚೀಲಕ್ಕೆ. ಬಂದವರು ಕಪಾಟು ತೆಗೆಯುವರು, ಫ್ಲಶ್ ಒತ್ತುವರು, ಒಬ್ಬ ಹೆಂಗಸಂತೂ ನಮ್ಮ ಫ್ರಿಜ್ಜನ್ನೇ ತೆಗೆದು ನೋಡಿದಳು. ನಾನು ನಗುತ್ತಾ ನಿಂತಿರುತ್ತಿದ್ದೆ. ಸ್ವಂತ ಮನೆಯಲ್ಲಿ ಉಸಿರು ಬಿಗಿಹಿಡಿದು ನಿಲ್ಲುವುದು ಅಭ್ಯಾಸವಾಗಿಹೋಯಿತು.

ಎಲ್ಲರಿಗೂ ಮನೆ ಹಿಡಿಸುತ್ತಿತ್ತು. "ಎಷ್ಟು ಚೆನ್ನಾಗಿ ಇಟ್ಟಿದೀರ" ಎಂದು ಬಾಯ್ತುಂಬ ಹೇಳುತ್ತಿದ್ದರು. ಒಬ್ಬ ಮೇಷ್ಟರು ಅವರ ತಾಯಿಯನ್ನು ಮಾರನೆಯ ದಿನ ಕರೆತರುತ್ತೇನೆಂದರು. ಬರಲಿಲ್ಲ. ಇನ್ನೊಬ್ಬರು ಮುಂಗಡದ ಮಾತನ್ನೇ ಆಡಿ ಹೋದರು. ಆಮೇಲೆ ಫೋನೇ ಎತ್ತಲಿಲ್ಲ. ಬ್ರೋಕರ್ ತಲೆ ಕೆರೆದುಕೊಂಡ. "ಒಳಗೆ ಖುಷಿಯಾಗಿರ್ತಾರೆ ಕಣಕ್ಕ, ಗೇಟ್ ದಾಟ್ತಿದ್ದಂಗೆ ಮಖ ಬೇರೆ ಆಯ್ತದೆ."

ಗೇಟಿನಾಚೆ ಏನಾಗುತ್ತಿತ್ತೆಂದು ಪತ್ತೆ ಮಾಡಿದವಳು ಮಗಳು. ಒಂದು ಭಾನುವಾರ ದಂಪತಿಗಳಿಬ್ಬರು ನೋಡಿಕೊಂಡು ಹೊರಟಾಗ ಅವಳು ಮಹಡಿಯ ಮೇಲೆ ಬಟ್ಟೆ ತೆಗೆಯುತ್ತಿದ್ದಳು. ಬ್ರೋಕರ್ ಬೈಕ್ ತರಲು ಮುಂದೆ ಹೋಗಿದ್ದ. ದೊಡ್ಡಮ್ಮ ಅವರ ಗೇಟಿನಿಂದ ಈಚೆ ಬಂದು ಆ ದಂಪತಿಯನ್ನು ಮಾತಾಡಿಸಿದರು. ಮಗಳು ಕೆಳಗೆ ಓಡಿ ಬಂದು ಕೇಳಿದ್ದನ್ನು ಕೇಳಿದ ಹಾಗೇ ಒಪ್ಪಿಸಿದಳು.

"ಮನೆ ನೋಡಕ್ ಬಂದ್ರಾ? ಒಳ್ಳೇದು. ಒಳಗಡೆ ರೂಮು ನೋಡಿದ್ರಾ? ಅದ್ರಾಗೆ ಮುದುಕಪ್ಪ ಮೂರ್ ವರ್ಷ ಕೊಳ್ತು ಕೊಳ್ತು ಸತ್ತ. ಈಗ ಸುಣ್ಣ ಬಳ್ದು ಫಿನಾಯಿಲ್ ಸುರ್ದವ್ಳೆ. ಮಳೆಗಾಲ ಬರ್ಲಿ, ಗೋಡೆ ಬೆವೀತೈತೆ, ಆವಾಗ ಗೊತ್ತಾಯ್ತದೆ ನಾತ. ನಂಗ್ಯಾಕವ್ವ, ಹೇಳ್ಬಾರ್ದು ಅನ್ಕಂಡಿದ್ದೆ. ನೀವು ಒಳ್ಳೆಯೋರಂಗೆ ಕಾಣ್ತೀರಲ್ಲ, ಅದ್ಕೆ ಹೇಳ್ದೆ."

ಕೊಳೆತು ಸತ್ತ. ಮೂರು ವರ್ಷ ಮಲಗಿದ್ದ ಆ ಮನುಷ್ಯನ ಬೆನ್ನಿನ ಮೇಲೆ ಒಂದೇ ಒಂದು ಹುಣ್ಣು ಏಳಲು ಬಿಟ್ಟಿರಲಿಲ್ಲ ನಾನು. ಸಾಯುವ ಹಿಂದಿನ ವಾರ ಬಂದ ಡಾಕ್ಟರು ಅವರನ್ನು ಹೊರಳಿಸಿ ನೋಡಿ, "ಯಾರಮ್ಮ ನೋಡ್ಕೊಂಡಿದ್ದು?" ಎಂದು ಕೇಳಿದ್ದರು. ಮಗಳ ಮಾತು ಮುಗಿಯುವ ಹೊತ್ತಿಗೆ ನನ್ನ ಕೈ ಪೊರಕೆಯ ಹಿಡಿಯನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಕಡ್ಡಿಗಳು ಅಂಗೈಗೆ ಚುಚ್ಚಿದ್ದವು. ಆಗಲೇ ಹೋಗಿ ಆಕೆಯ ಜುಟ್ಟು ಹಿಡಿಯಬೇಕು ಅನ್ನಿಸಿತು. ಹೋಗಲಿಲ್ಲ. ಜಗಳವಾಡಿದರೆ ಬೀದಿಯವರು ಒಂದು ಸಂಜೆ ನೋಡಿ ಮರೆಯುತ್ತಾರೆ. ನನಗೆ ಅಷ್ಟು ಅಗ್ಗದ್ದು ಬೇಡವಾಗಿತ್ತು.

ಮುಂದಿನ ಸಲ ಜನ ಬಂದಾಗ ದೊಡ್ಡಮ್ಮ ಗೋಡೆಯ ಬುಡದಲ್ಲಿ ಹಸಿ ಮಟ್ಟೆಗೆ ಬೆಂಕಿ ಹಾಕಿದರು. ಹೊಗೆ ನೇರವಾಗಿ ನಮ್ಮ ನಡುಮನೆಗೆ ನುಗ್ಗಿ, ಒಗೆದು ಇಸ್ತ್ರಿ ಮಾಡಿದ್ದ ಪರದೆಗಳೆಲ್ಲ ಮಸಿಯಾದವು. ಬಂದವರು ಕೆಮ್ಮುತ್ತಾ ಹೋದರು. ನಾನು ಪರದೆಗಳನ್ನು ಬಿಚ್ಚಿ ಅದೇ ಕಲ್ಲಿನ ಮೇಲೆ ಒಗೆಯುತ್ತಿದ್ದಾಗ ಗೋಡೆಯ ಮೇಲಿಂದ ಆಕೆಯ ತಲೆ ಕಾಣಿಸಿತು. "ಯಾಕವ್ವ, ಇನ್ನೂ ಯಾರೂ ಒಪ್ಲಿಲ್ವ?"

ಅದರ ಹಿಂದಿನ ಲೆಕ್ಕಾಚಾರ ಒಂದು ಶುಕ್ರವಾರ ತಾನಾಗಿಯೇ ನಮ್ಮ ಮನೆಗೆ ಬಂತು. ಮಾವ ತೀರಿಕೊಂಡ ಮೇಲೆ ಮೊದಲ ಸಲ ದೊಡ್ಡಮ್ಮ ನಮ್ಮ ಹೊಸಿಲು ದಾಟಿದರು. ಕುರ್ಚಿಯ ತುದಿಯಲ್ಲಿ ಕೂತು, ಸುತ್ತ ಕಣ್ಣಾಡಿಸಿ, ಮೂಗನ್ನೂ ಒಮ್ಮೆ ಆಡಿಸಿದರು. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು.

"ನೋಡವ್ವ, ಹೊರಗ್ನೋರ್ಗೆ ಯಾಕೆ ಕೊಡ್ತೀಯ? ನಮ್ ಚಿಕ್ಕೋನ್ಗೆ ಕೊಟ್ಬುಡು. ಮಧ್ಯದ ಗೋಡೆ ಒಡೆದ್ರೆ ಎರಡೂ ಒಂದೇ ಮನೆ ಆಯ್ತದೆ. ರೇಟು ಮಾತ್ರ ನೋಡ್ಕಂಡ್ ಹೇಳು. ನಿನ್ ಮನೆ ಸಮಾಚಾರ ಊರ್ಗೇ ಗೊತ್ತಲ್ಲ."

ಆಮೇಲೆ ಅರ್ಧಕ್ಕೂ ಕಮ್ಮಿಯ ಒಂದು ಬೆಲೆ ಹೇಳಿದರು. ನಾನು ಕಾಫಿ ತಂದಿಟ್ಟೆ. ಆಕೆ ಮುಟ್ಟಲಿಲ್ಲ. "ಯೋಚ್ನೆ ಮಾಡ್ತೀನಿ ದೊಡ್ಡಮ್ಮ" ಎಂದು ಕುಂಕುಮ ಕೊಟ್ಟು ಗೇಟಿನವರೆಗೆ ಕಳಿಸಿ ಬಂದೆ. ಒಳಗೆ ಬಂದು ಆ ತಣ್ಣನೆಯ ಕಾಫಿಯನ್ನು ನಾನೇ ಕುಡಿದೆ. ಲೋಟ ಕೆಳಗಿಡುವ ಹೊತ್ತಿಗೆ ಏನು ಮಾಡಬೇಕೆಂದು ಗೊತ್ತಾಗಿತ್ತು.

ದೊಡ್ಡಮ್ಮನ ಹಿರಿಯ ಸೊಸೆ ರೈಲ್ವೆ ಸ್ಟೇಷನ್ನಿನ ಹಿಂದೆ ಬಾಡಿಗೆ ಮನೆಯಲ್ಲಿದ್ದಳು. ಗಂಡ ಎಲೆಕ್ಟ್ರಿಕ್ ಕೆಲಸದ ಗುತ್ತಿಗೆ ಹಿಡಿಯುತ್ತಿದ್ದ, ಇವಳು ಮದುವೆ ನಾಮಕರಣಗಳಿಗೆ ಹೋಳಿಗೆ ಮಾಡಿ ಕೊಡುತ್ತಿದ್ದಳು. ಆಗಾಗ ಪೇಟೆಯಲ್ಲಿ ಸಿಕ್ಕಾಗ ಮಾತಾಡುತ್ತಿದ್ದೆವು. ಸ್ವಂತದ್ದೊಂದು ಮನೆ ಹುಡುಕುತ್ತಿದ್ದಾರೆಂದು ಕೇಳಿದ್ದೆ. ನಾನು ಹೋದಾಗ ಅವಳು ಬಾಳೆಲೆಯ ಮೇಲೆ ಹೋಳಿಗೆ ತಟ್ಟುತ್ತಿದ್ದಳು. ಕೆನ್ನೆಯ ಮೇಲೆ ಮೈದಾ ಹಿಟ್ಟು.

"ನಮ್ಮನೆ ಮಾರ್ತಾ ಇದೀವಿ. ನೀನು ತಗೋ" ಅಂದೆ.

ಅವಳ ಕೈ ನಿಂತಿತು. "ಅಕ್ಕಾ, ಆ ಗೋಡೆ ಪಕ್ಕಕ್ಕಾ?"

"ಹೂಂ. ಆ ಗೋಡೆ ಪಕ್ಕಕ್ಕೇ."

ಆಕೆ ಅತ್ತೆಯಾಗಿ ಮಾಡಿದ್ದನ್ನು ಅವಳಿಗೆ ನಾನು ನೆನಪಿಸಬೇಕಾಗಿರಲಿಲ್ಲ. ಈಗ ಆಡುತ್ತಿದ್ದ ಆಟವನ್ನು ಮಾತ್ರ ಒಂದೂ ಬಿಡದೆ ಹೇಳಿದೆ. ಕೊಳೆತು ಸತ್ತ ಎಂಬ ಮಾತಿಗೆ ಬಂದಾಗ ಅವಳು ಹೂರಣದ ಉಂಡೆಯನ್ನು ತಟ್ಟೆಗೆ ಹಾಕಿಬಿಟ್ಟಳು. "ಅಜ್ಜನ್ನ ಹಂಗಂದ್ರಾ?" ಎಂದಳು. ಕೆಂಡದಂಥ ಮುಖ. ಆಮೇಲೆ ಕೈ ತೊಳೆದುಕೊಂಡು, "ಯಜಮಾನ್ರನ್ನ ಕೇಳ್ತೀನಿ. ಆದ್ರೆ ನಾನ್ ಮನೆ ನೋಡಕ್ಕೆ ಬರೋದು ಹಗಲೊತ್ನಾಗೆ ಕಣಕ್ಕ. ಎಲ್ರೂ ನೋಡ್ಬೇಕು" ಅಂದಳು.

ನನ್ನ ಗಂಡನಿಗೆ ಇದು ಇಷ್ಟವಾಗಲಿಲ್ಲ. "ಹಗೆ ತೀರಿಸ್ಕೊಳಕ್ಕೆ ಯಾರಾದ್ರೂ ಮನೆ ಮಾರ್ತಾರೇನೇ? ನಾವ್ ಹೋಗ್ತೀವಿ, ಆ ಹುಡ್ಗಿ ಅಲ್ಲಿ ಒದ್ದಾಡ್ಬೇಕು."

"ನ್ಯಾಯವಾದ ಬೆಲೆಗೆ ಕೊಡ್ತೀನಿ. ಅವ್ಳ ಕಣ್ಣು ತೆರೆದೈತೆ. ಇನ್ನು ಹಗೆ ನಂದು, ನಾನು ತೀರಿಸ್ಕೊತೀನಿ" ಅಂದೆ. ಅವರು ತಡೆಯಲಿಲ್ಲ. ಅಪ್ಪನ ಬಗ್ಗೆ ಆಡಿದ ಮಾತು ಅವರಿಗೂ ನಾಟಿತ್ತು, ಹೇಳಿಕೊಳ್ಳುತ್ತಿರಲಿಲ್ಲ.

ಅವಳು ಬರುವ ದಿನಕ್ಕೆ ನಾನು ಮನೆ ತೊಳೆದಷ್ಟು ಯಾರಿಗೂ ತೊಳೆದಿರಲಿಲ್ಲ. ಕಿಟಕಿಯ ಸರಳುಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ, ಅವು ಕಬ್ಬಿಣದವು, ಉಜ್ಜಬೇಕಾಗಿಯೇ ಇರಲಿಲ್ಲ. ಬಾಗಿಲ ಮುಂದೆ ದೊಡ್ಡ ರಂಗೋಲಿ ಹಾಕಿದೆ. ಗಂಡ ಹೆಂಡತಿ ಇಬ್ಬರೂ ಹನ್ನೊಂದರ ಬಿಸಿಲಿನಲ್ಲಿ ಬೈಕಿನಲ್ಲಿ ಬಂದು ನಮ್ಮ ಗೇಟಿನ ಮುಂದೆ ಇಳಿದರು. ಹೆಲ್ಮೆಟ್ ಹಾಕಿದ್ದರಿಂದ ಬೀದಿಯವರಿಗೆ ಗುರುತು ಸಿಗಲಿಲ್ಲ. ದೊಡ್ಡಮ್ಮ ಕಿಟಕಿಯಲ್ಲಿ ನಿಂತಿದ್ದು ನನಗೆ ಕಾಣುತ್ತಿತ್ತು.

ಒಳಗೆ ಅವಳು ಸಿಂಕ್ ನೋಡಲಿಲ್ಲ, ಕಪಾಟು ತೆಗೆಯಲಿಲ್ಲ. ನೇರವಾಗಿ ಮಾವನ ಕೋಣೆಗೆ ಹೋದಳು. ಖಾಲಿ ಮೂಲೆಯ ಮುಂದೆ ನಿಂತು, "ಇಲ್ಲೇ ಅಲ್ವಾ ಅಕ್ಕ ಮಂಚ ಇದ್ದಿದ್ದು?" ಅಂದಳು. ಆಮೇಲೆ ಗಂಡನ ಕಡೆ ತಿರುಗಿ, "ಇದು ನಮ್ ರೂಮು. ಮಿಕ್ಕಿದ್ದು ನೀವ್ ನೋಡ್ಕೊಂಡ್ ಬನ್ನಿ" ಅಂದಳು. ಎರಡೆರಡು ಸಲ ಸುಣ್ಣ ಬಳಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಆ ಕೋಣೆಯಲ್ಲಿ ಮುಚ್ಚಿಡುವಂಥದ್ದು ಯಾವತ್ತೂ ಏನೂ ಇರಲಿಲ್ಲ.

ಹೊರಡುವಾಗ ನಾನು ಬೇಕೆಂದೇ ಬಾಗಿಲಲ್ಲೇ ನಿಂತೆ. ಇಬ್ಬರೂ ಹೆಲ್ಮೆಟ್ಟನ್ನು ಹಾಕಿಕೊಂಡೇ ಗೇಟು ದಾಟಿದರು. ದೊಡ್ಡಮ್ಮ ಎಂದಿನಂತೆ ಆಚೆ ಬಂದರು. "ಮನೆ ನೋಡಕ್ ಬಂದ್ರಾ? ಒಳ್ಳೇದು. ಒಳಗಡೆ ರೂಮು..." ಎಂದು ಶುರು ಮಾಡಿದರು. ಎದುರು ಮನೆಯವರು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು, ತರಕಾರಿ ಗಾಡಿಯ ಸುತ್ತ ಮೂರ್ನಾಲ್ಕು ಹೆಂಗಸರಿದ್ದರು.

ಸೊಸೆ ಹೆಲ್ಮೆಟ್ ತೆಗೆದಳು.

"ಹೇಳಿ ಅತ್ತೆ. ರೂಮು ಏನು?"

ದೊಡ್ಡಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ಮಗನೂ ಹೆಲ್ಮೆಟ್ ತೆಗೆದ. ಅವನು ತಾಯಿಯ ಮುಖ ನೋಡಲಿಲ್ಲ, ಬೈಕಿನ ಹ್ಯಾಂಡಲ್ಲನ್ನೇ ನೋಡುತ್ತಿದ್ದ.

"ಆ ರೂಮಲ್ಲಿ ಅಜ್ಜನ ಉಗುರು ಕತ್ರಿಸ್ತಿದ್ದೋಳು ನಾನೇ ಅತ್ತೆ. ಅಲ್ಲಿ ಯಾರೂ ಕೊಳೀಲಿಲ್ಲ. ನಂಗೆ ಮನೆ ಒಪ್ಗೆ ಆಯ್ತು. ಇನ್ಮೇಲೆ ನಾನು ನಿಮ್ ಪಕ್ಕದ್ಮನೆ."

ತರಕಾರಿ ಗಾಡಿಯ ಹತ್ತಿರ ಯಾರೋ ಕಿಸಕ್ಕನೆ ನಕ್ಕರು. ದೊಡ್ಡಮ್ಮ ನನ್ನ ಕಡೆ ತಿರುಗಿದರು. ನಾನು ಕೈಕಟ್ಟಿ ನಿಂತಿದ್ದೆ. ಆಕೆ ಸೆರಗು ಸರಿಮಾಡಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಚಿಲಕದ ಸದ್ದು ನಾನು ನಿಂತಲ್ಲಿಗೇ ಕೇಳಿಸಿತು. ಆ ದಿನ ಮಧ್ಯಾಹ್ನ ನಾನು ಎಷ್ಟೋ ವಾರಗಳ ಮೇಲೆ ಮನೆಯೊಳಗೇ ಒಗ್ಗರಣೆ ಹಾಕಿದೆ. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕಾಯಿ ಎಣ್ಣೆ. ಘಾಟು ಬೀದಿಗೆಲ್ಲ ಹೋಗಲಿ ಎಂದು ಕಿಟಕಿಗಳನ್ನು ತೆರೆದಿಟ್ಟೆ.

ಮಾರಾಟ ಮುಗಿಯುವವರೆಗೆ ದೊಡ್ಡಮ್ಮ ಸುಮ್ಮನಿರಲಿಲ್ಲ. ಚಿಕ್ಕ ಮಗನನ್ನು ಕಳಿಸಿ ಹೆಚ್ಚಿನ ಬೆಲೆ ಹೇಳಿಸಿದರು. ನೆಂಟರೊಬ್ಬರ ಕೈಲಿ ನನ್ನ ಗಂಡನಿಗೆ ಬುದ್ಧಿ ಹೇಳಿಸಿದರು. ಕೊನೆಗೆ ಆಕೆಯೇ ಹೇಳಿದ ಬೆಲೆ ಹಿರಿಯ ಮಗ ಕೊಡುತ್ತಿದ್ದುದಕ್ಕಿಂತ ಹೆಚ್ಚಾಗಿತ್ತು. ಗಂಡ ಒಂದು ಗಳಿಗೆ ನನ್ನ ಮುಖ ನೋಡಿದರು. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಆ ಒಂದು ತಲೆಯಾಟಕ್ಕೆ ನಾವು ತೆತ್ತದ್ದು ಕಮ್ಮಿಯಲ್ಲ. ಆದರೂ ಈವರೆಗೆ ಒಂದು ದಿನವೂ ಅಯ್ಯೋ ಅನ್ನಿಸಿಲ್ಲ.

ಈಗ ತುರುವೇಕೆರೆಗೆ ಬಂದು ವರ್ಷದ ಮೇಲಾಯಿತು. ಆ ಹುಡುಗಿ ಹಿತ್ತಿಲಲ್ಲಿ ಶೀಟ್ ಹಾಕಿಸಿ ದೊಡ್ಡ ಹೆಂಚುಗಳನ್ನು ಇಟ್ಟಿದ್ದಾಳೆ. ಕೆಲಸಕ್ಕೆ ಮೂವರು ಹೆಂಗಸರು ಬರುತ್ತಾರೆ, ಗೇಟಿನ ಮುಂದೆ ಸದಾ ಆಟೋ ನಿಂತಿರುತ್ತದೆ. ಅತ್ತೆ ಸೊಸೆಗೆ ಮಾತಿಲ್ಲ. ನನ್ನ ಗಂಡ ಹೆದರಿದಂತೆ ಅವಳೇನೂ ಒದ್ದಾಡುತ್ತಿಲ್ಲ. ದೊಡ್ಡಮ್ಮನ ಚಿಕ್ಕ ಮಗನ ಮಕ್ಕಳು ಮಾತ್ರ ಗೋಡೆ ಹಾರಿ ಬರುತ್ತಾರಂತೆ, ಕರೆದರೂ ಮನೆಗೆ ಹೋಗುವುದಿಲ್ಲವಂತೆ.

ಕಳೆದ ತಿಂಗಳು ಮಗಳ ಅಂಕಪಟ್ಟಿ ತರಲು ತಿಪಟೂರಿಗೆ ಹೋಗಿದ್ದೆ. ನಮ್ಮ ಹಳೆಯ ಬೀದಿಯಲ್ಲೇ ಹಾದು ಹೋಗುವಾಗ ದೊಡ್ಡಮ್ಮ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ತಲೆಯೆಲ್ಲ ಬೆಳ್ಳಗಾಗಿತ್ತು. ನಾನು ದಾಟಿ ಹೋಗುತ್ತಿದ್ದೆ, ಆಕೆಯೇ ಕರೆದರು.

"ನಿಂತ್ಕೊಳೇ. ಒಂದ್ಮಾತ್ ಕೇಳ್ತೀನಿ. ಬೇಕಂತ್ಲೇ ಅಲ್ವಾ ಅವ್ಳಿಗ್ ಕೊಟ್ಟಿದ್ದು?"

"ಹೂಂ ದೊಡ್ಡಮ್ಮ," ಅಂದೆ. "ಬೇಕಂತ್ಲೇ."

ಕಾಲೇಜಿನ ಆಫೀಸು ಊಟಕ್ಕೆ ಮುಚ್ಚುವ ಹೊತ್ತಾಗುತ್ತಿತ್ತು, ನಾನು ಬೇಗ ಬೇಗ ನಡೆದೆ.